ಮೊದಲು ‘ಬೊಂಝೂರ್’, ಉಳಿದ ಮಾತು ಆಮೇಲೆ

ಹಿಂದೂ ಮಹಾಸಾಗರದ ಸೇಶೆಲ್ಸ್ ದೇಶದ ಮಾಹೆ ದ್ವೀಪದಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದೆ, ಅಲ್ಲಿನ ಜನ ಹೇಗೆ, ಹೆಂಡತಿಯನ್ನು ಕರೆತಂದು ಸಂಸಾರ ಹೂಡಬಹುದೇ, ನಮ್ಮ ಊಟ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಕುಂದಾಪುರದವರಾದ ನಿಮಗೆ ಇಲ್ಲಿನ ಸೆಕೆ, ಮಳೆ, ತೆಂಗಿನ ಮರ ಯಾವುದೂ ಹೊಸದೆನಿಸದು; ಹೊಸದೆನಿಸುವುದು ದೇಶದ ಅಳತೆ. ಲೆಕ್ಕಕ್ಕೆ 115 ದ್ವೀಪಗಳಿದ್ದರೂ ಜನಸಂಖ್ಯೆ ಒಂದು ಲಕ್ಷದ ಚಿಲ್ಲರೆ, ಅವರಲ್ಲಿ ಹೆಚ್ಚಿನವರು ಸುಮಾರು 27 ಕಿ.ಮೀ. ಉದ್ದದ ಮಾಹೆಯಲ್ಲೇ ಇದ್ದಾರೆ. ಬೆಳಿಗ್ಗೆ ನಿಮ್ಮೊಡನೆ ವಾದಕ್ಕಿಳಿದ ಗುಮಾಸ್ತರು ನಿಮ್ಮ ಮನೆಯೊಡತಿಯ ತಮ್ಮನೆಂದು ಸಂಜೆ ತಿಳಿಯುವ ಊರಿದು. ಯಾರ ವಿಷಯವನ್ನೂ ಯಾರ ಮುಂದೆಯೂ ಹಗುರವಾಗಿ ಆಡಬೇಡಿ.

ನಾನು ಬಂದ ಮೊದಲ ತಿಂಗಳು ಒಂದು ಕಚೇರಿಯ ಕೌಂಟರಿಗೆ ಹೋಗಿ ನೇರವಾಗಿ ಅರ್ಜಿ ಕೇಳಿದೆ. ಒಳಗಿದ್ದ ಹೆಂಗಸು ‘ಬೊಂಝೂರ್’ ಎಂದು ಸುಮ್ಮನಾದರು. ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೆ ಕೇಳಿದೆ; ಅವರು ಇನ್ನೂ ಗಟ್ಟಿಯಾಗಿ ‘ಬೊಂಝೂರ್’ ಎಂದರು. ನಾನೂ ಅದನ್ನೇ ಹೇಳಿದ ಮೇಲೆಯೇ ಅರ್ಜಿ ಕೈಗೆ ಬಂದದ್ದು. ಇಲ್ಲಿ ವಂದಿಸದೆ ಮಾತು ತೆಗೆದರೆ, ಚಪ್ಪಲಿ ಕಳಚದೆ ದೇವರ ಕೋಣೆಗೆ ನುಗ್ಗಿದ ಹಾಗೆ. ಕಚೇರಿಯಲ್ಲಿ ಇಂಗ್ಲಿಷ್ ಸಾಕಾದರೂ ಜನರ ಮನೆಮಾತು ಫ್ರೆಂಚಿನಿಂದ ಬೆಳೆದ ಕ್ರಿಯೋಲ್; ‘ಕಿ ಮಾನ್ಯೇರ್?’ ಎಂದು ಯೋಗಕ್ಷೇಮ ಕೇಳಲು ಕಲಿತರೂ ಎದುರಿನವರ ಮುಖ ಅರಳುತ್ತದೆ.

‘ನೀವು ಮೂಲತಃ ಎಲ್ಲಿಯವರು’ ಎಂಬ ನಮ್ಮ ಅಚ್ಚುಮೆಚ್ಚಿನ ಪ್ರಶ್ನೆಯನ್ನು ಮಾತ್ರ ಊರಲ್ಲೇ ಬಿಟ್ಟು ಬನ್ನಿ. ಈ ದ್ವೀಪಗಳಿಗೆ ಮೂಲನಿವಾಸಿಗಳೇ ಇಲ್ಲ. 1770ರಲ್ಲಿ ಬಂದಿಳಿದ ಮೊದಲ ಗುಂಪಿನಲ್ಲಿ ಫ್ರೆಂಚರು ಮತ್ತು ಆಫ್ರಿಕದ ಗುಲಾಮರ ಜೊತೆ ಐವರು ಭಾರತೀಯರೂ ಇದ್ದರು. ಆಮೇಲೆ ಬ್ರಿಟಿಷರ ಆಳ್ವಿಕೆ, 1835ರಲ್ಲಿ ಗುಲಾಮಗಿರಿಯ ಅಂತ್ಯ, ಚೀನಾ ಮತ್ತು ತಮಿಳುನಾಡಿನ ವ್ಯಾಪಾರಿಗಳ ಆಗಮನ, 1976ರಲ್ಲಿ ಸ್ವಾತಂತ್ರ್ಯ. ಇಷ್ಟೂ ಬೆರೆತ ಕಾರಣ ಒಡಹುಟ್ಟಿದವರೇ ಮೂರು ಬಣ್ಣದಲ್ಲಿರುವ ಮನೆಗಳಿವೆ. ಹೆಚ್ಚಿನವರು ಕ್ಯಾಥೊಲಿಕರು, ಭಾನುವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಚರ್ಚಿಗೆ, ಮಧ್ಯಾಹ್ನ ಪಾತ್ರೆಪಡಗ ಸಮೇತ ಕಡಲತೀರಕ್ಕೆ. ಹಾಗೆಂದು ಮದುವೆಯಾಗದೆ ಮಕ್ಕಳೊಡನೆ ಬಾಳುವ ಜೋಡಿಗಳು ಕಡಿಮೆಯೇನಲ್ಲ, ತಾಯಿಯೇ ಯಜಮಾನಿಯಾದ ಮನೆಗಳೂ ಬಹಳ. ಅದನ್ನು ಯಾರೂ ಪಿಸುಮಾತಿನಲ್ಲಿ ಹೇಳುವುದಿಲ್ಲ, ನಾವೂ ಹುಬ್ಬೇರಿಸಬಾರದು.

ಊಟದ ವಿಷಯದಲ್ಲಿ ನಿಮಗೆ ಅಚ್ಚರಿ ಕಾದಿದೆ. ಇಲ್ಲಿನವರು ಕೊಂಡಾಡುವ ‘ಫ್ರಿಯಾಪೆನ್’ ನಮ್ಮ ಜೀಗುಜ್ಜೆಯೇ, ಅಂದರೆ ಬ್ರೆಡ್‌ಫ್ರೂಟ್. ಅದನ್ನು ತಿಂದವರು ಸೇಶೆಲ್ಸ್‌ಗೆ ಮರಳಿ ಬಂದೇ ಬರುತ್ತಾರೆಂದು ಹೇಳಿಕೆಯಿದೆ. ಬಾಳೆಹಣ್ಣನ್ನು ತೆಂಗಿನಹಾಲಿನಲ್ಲಿ ಬೇಯಿಸುವ ‘ಲಾದೋಬ್’ ನಮ್ಮ ರಸಾಯನಕ್ಕೆ ದೂರದ ನೆಂಟ. ತೆಂಗಿನ ಮರದಿಂದ ಇಳಿಸುವ ಪಾನೀಯದ ಹೆಸರು ‘ಕಾಲು’; ಅದು ಯಾವುದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಸ್ಯಾಹಾರಿಗಳಿಗೆ ಬೇಳೆ, ಅಕ್ಕಿ, ಸಾಸಿವೆ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಆದರೆ ತಿನ್ನುವ ವಸ್ತುಗಳ ಬಹುಪಾಲು ಹೊರದೇಶದಿಂದ ಬರುವುದರಿಂದ ತರಕಾರಿಯ ಬೆಲೆ ಕೇಳಿ ಮೊದಮೊದಲು ಎದೆ ಧಸಕ್ಕೆನ್ನುತ್ತದೆ, ಹಡಗು ತಡವಾದ ವಾರ ಈರುಳ್ಳಿಯೂ ಮಾಯವಾಗಬಹುದು. ಮೀನು ತಿನ್ನುವವರಾದರೆ ನಿಮ್ಮ ಚಿಂತೆ ಅರ್ಧ ಕಡಿಮೆ.

ಇನ್ನು ಸಂಸಾರ. ರಾಜಧಾನಿ ವಿಕ್ಟೋರಿಯಾದಲ್ಲಿ 1992ರಲ್ಲಿ ಕಟ್ಟಿದ ವಿನಾಯಕ ದೇವಸ್ಥಾನವಿದೆ, ಕಾವಡಿ ಉತ್ಸವ ಬೀದಿಯಲ್ಲೇ ನಡೆಯುತ್ತದೆ. ಒಂಟಿತನ ಅಲ್ಲಿಗೆ ಹೋದರೆ ತುಸು ಇಳಿಯುತ್ತದೆ. ಆದರೆ ನಿಮ್ಮ ಉದ್ಯೋಗದ ಪರವಾನಗಿ ನೇಮಿಸಿಕೊಂಡ ಸಂಸ್ಥೆಗೆ ಕಟ್ಟಿಕೊಂಡಿರುತ್ತದೆ, ಮನಸ್ಸು ಬಂದಂತೆ ಬೇರೆ ಕೆಲಸಕ್ಕೆ ಹಾರುವಂತಿಲ್ಲ. ನಿಮ್ಮ ಹೆಂಡತಿ ದುಡಿಯಬೇಕಾದರೆ ಅವರಿಗೂ ಪ್ರತ್ಯೇಕ ಪರವಾನಗಿ ಬೇಕು. ಬಾಡಿಗೆಯಂತೂ ದುಬಾರಿ. ಆದ್ದರಿಂದ ಮನೆಯನ್ನು ಸಂಸ್ಥೆಯೇ ಕೊಡುವುದೇ, ಕುಟುಂಬದ ವಿಮಾನ ಖರ್ಚು ಯಾರದು ಎಂಬೆರಡನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬರಹದಲ್ಲಿ ಪಡೆಯಿರಿ; ಮೊದಲು ಒಬ್ಬರೇ ಬಂದು, ಮನೆ ನಿಂತ ಮೇಲೆ ಅವರನ್ನು ಕರೆಸಿಕೊಳ್ಳಿ.