ನೇಮಕಾತಿ ಪತ್ರ ಕೊಟ್ಟು ಹಿಂದೆ ಸರಿದ ಕಂಪನಿಯಿಂದ ಪರಿಹಾರ

ಹೊಸ ಕೆಲಸದ ನೇಮಕಾತಿ ಪತ್ರ ನಂಬಿ ನೀವು ಗದಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ, ಆ ಪತ್ರ ಕೊಟ್ಟಿದ್ದ ಹುಬ್ಬಳ್ಳಿಯ ಕಂಪನಿ ‘ಹುದ್ದೆ ರದ್ದಾಗಿದೆ’ ಎಂದಿರುವುದು ಮೇಲ್ನೋಟಕ್ಕೆ ಒಪ್ಪಂದದ ಉಲ್ಲಂಘನೆಯೇ. ಸಂಬಳ, ಹುದ್ದೆ, ಸೇರುವ ದಿನಾಂಕ ನಮೂದಿಸಿದ್ದ ಪತ್ರಕ್ಕೆ ನೀವು ಇ-ಮೇಲ್ ಮೂಲಕ ಒಪ್ಪಿಗೆ ಕಳುಹಿಸಿದ್ದೀರಿ, ಮತ್ತು ಆ ಒಪ್ಪಿಗೆ ತಲುಪಿದ ನಂತರ ಪ್ರಸ್ತಾವವನ್ನು ಹಿಂಪಡೆಯಲು 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲಿ ಅವಕಾಶವಿಲ್ಲ.

ಮೊದಲು ಪತ್ರದ ಕೊನೆಯ ಪುಟದ ಷರತ್ತುಗಳನ್ನು ಓದಿರಿ. ‘ಹಿನ್ನೆಲೆ ಪರಿಶೀಲನೆಗೆ ಒಳಪಟ್ಟು’ ಎಂಬಂಥ ಸಾಲಿದ್ದರೆ ನಿಮ್ಮ ವಾದ ಎಷ್ಟು ನಿಲ್ಲುತ್ತದೆಂದು ಪತ್ರ ನೋಡದೆ ಹೇಳಲಾಗದು. ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದೆಂದಿದ್ದರೆ ಪರಿಹಾರವೂ ಬಹುಶಃ ಆ ತಿಂಗಳ ಸಂಬಳದ ಆಸುಪಾಸಿನಲ್ಲೇ ನಿಲ್ಲುತ್ತದೆ.

ಅನಂತರ ಹಳೆಯ ಮಾಲೀಕರಿಗೆ, ರಾಜೀನಾಮೆಯನ್ನು ಹಿಂಪಡೆಯಲು ಅವಕಾಶ ಕೋರಿ ಇಂದೇ ಬರೆಯಿರಿ. ಅವರು ಒಪ್ಪದಿದ್ದರೂ ಆ ಪತ್ರ ವ್ಯರ್ಥವಲ್ಲ, ಏಕೆಂದರೆ ನಷ್ಟ ತಗ್ಗಿಸಲು ನೀವೇನು ಮಾಡಿದಿರಿ ಎಂಬುದನ್ನು ಅದೇ ಒಪ್ಪಂದ ಕಾಯ್ದೆಯ 73ನೇ ಕಲಮಿನಡಿ ನ್ಯಾಯಾಲಯ ನೋಡುತ್ತದೆ. ಬೇರೆಡೆ ಹಾಕಿದ ಅರ್ಜಿಗಳನ್ನೂ ಜೋಪಾನವಾಗಿಡಿರಿ.

ಬಳಿಕ ವಕೀಲರ ಮೂಲಕ, ಸ್ವೀಕೃತಿ ಸಿಗುವ ಅಂಚೆಯಲ್ಲಿ ನೋಟಿಸ್ ಕಳುಹಿಸಿ ಹಣದ ಪರಿಹಾರವನ್ನೇ ಕೇಳಿರಿ. ಕೆಲಸ ಕೊಡಲೇಬೇಕೆಂದು ಖಾಸಗಿ ಕಂಪನಿಗೆ ನ್ಯಾಯಾಲಯ ಸಾಮಾನ್ಯವಾಗಿ ಆದೇಶಿಸುವುದಿಲ್ಲ. ವಂಚನೆಯ ಆರೋಪವನ್ನು, ಹುದ್ದೆ ಇಲ್ಲವೆಂದು ಗೊತ್ತಿದ್ದೇ ಪತ್ರ ಕೊಟ್ಟಿದ್ದಕ್ಕೆ ಪುರಾವೆಯಿದ್ದರೆ ಮಾತ್ರ ಸೇರಿಸಿರಿ. ದಾವೆಗೆ ಉಲ್ಲಂಘನೆಯ ದಿನದಿಂದ 3 ವರ್ಷ ಕಾಲಾವಕಾಶವಿದೆ. ಮಹಿಳೆಯಾಗಿದ್ದರೆ ಆದಾಯ ಎಷ್ಟೇ ಇದ್ದರೂ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೋರಬಹುದು.