ಮಗನ ಐಕ್ಯೂ 92 ಅಂತೆ, ಹಾಗಾದ್ರೆ ಬುದ್ಧಿ ಕಮ್ಮಿನಾ?

ಪ್ರಶ್ನೆ: ಮಾಸ್ತರೇ, ನಮ್ಮದು ಮುಂಬೈ ಹತ್ರದ ಡೊಂಬಿವಲಿ. ಮಗನಿಗೆ ಒಂಬತ್ತು ವರ್ಷ, ಇಂಗ್ಲಿಷ್ ಮೀಡಿಯಂ. ಶಾಲೇಲಿ ಬುದ್ಧಿ ಅಳೆಯೋ ಐಕ್ಯೂ ಟೆಸ್ಟ್ ಮಾಡಿ 92 ಅಂತ ಬರೆದು ಕಳ್ಸಿದಾರೆ, ಅವತ್ತಿಂದ ಮನೇಲಿ ಎಲ್ರಿಗೂ ಅದೇ ಚಿಂತೆ. ಆದ್ರೆ ಹೋದ ಮಳೆಗಾಲದಲ್ಲಿ ಲೋಕಲ್ ಟ್ರೇನ್ ನಿಂತುಹೋಗಿ ಅಜ್ಜನ ಜೊತೆ ಥಾಣೆಯಲ್ಲಿ ಸಿಕ್ಕಿಹಾಕ್ಕೊಂಡಾಗ, ಅಜ್ಜನ ಮೊಬೈಲೂ ಆಫ್ ಆಗಿತ್ತು, ಇವ್ನೇ ಮೆಡಿಕಲ್ ಅಂಗಡಿಗೆ ಹೋಗಿ ಮರಾಠಿಯಲ್ಲಿ ಕೇಳ್ಕೊಂಡು ಅಲ್ಲಿಂದ ನಂಗೆ ಫೋನ್ ಮಾಡಿದ್ದ. ಬುದ್ಧಿವಂತಿಕೆ ಅಂದ್ರೆ ನಿಜಕ್ಕೂ ಏನು?

ಉತ್ತರ: ತಂಗೀ, ಮೊದ್ಲು ಹೆದರಿಕೆ ಬಿಡಿ. ಐಕ್ಯೂ ಲೆಕ್ಕದಲ್ಲಿ ಸರಾಸರಿ 100, ನೂರರಲ್ಲಿ ಸುಮಾರು 68 ಜನ 85ರಿಂದ 115ರ ಒಳಗೇ ಬರ್ತಾರೆ, ನಿಮ್ಮ ಮಗನೂ ಅಲ್ಲೇ ಇದಾನೆ. ಇನ್ನೊಂದು ದಿನ ಕೂರಿಸಿದ್ರೆ ನಾಲ್ಕೈದು ಅಂಕ ಆಚೀಚೆ ಆಗೋದು ಮಾಮೂಲು.

1905ರಲ್ಲಿ ಪ್ಯಾರಿಸ್‌ನಲ್ಲಿ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ, ಅವನ ಜೊತೆಗಾರ ಥಿಯೋಡೋರ್ ಸಿಮೋನ್ ಇಂಥ ಪರೀಕ್ಷೆ ಮಾಡಿದ್ದೇ ಕ್ಲಾಸಲ್ಲಿ ಯಾವ ಮಗುವಿಗೆ ಹೆಚ್ಚು ಸಹಾಯ ಬೇಕು ಅಂತ ತಿಳ್ಕೊಳ್ಳೋಕೆ, ಮಗುವಿನ ಹಣೆ ಮೇಲೆ ನಂಬರ್ ಬರಿಯೋಕಲ್ಲ. ಬುದ್ಧಿ ಅಭ್ಯಾಸದಿಂದ ಬೆಳೆಯುತ್ತೆ ಅಂತ ಬಿನೆ ನಂಬಿದ್ದ. ಮಗುವಿನ ಬುದ್ಧಿ ಎಷ್ಟು ವರ್ಷದವರ ಮಟ್ಟದ್ದೋ ಅದನ್ನ ನಿಜವಾದ ವಯಸ್ಸಿನಿಂದ ಭಾಗಾಕಾರ ಮಾಡಿ ಒಂದೇ ಅಂಕಿ ಕೊಡೋ ಕ್ರಮ ತಂದಿದ್ದು ಅವ್ನು ತೀರ್ಕೊಂಡ ಮೇಲೆ, 1912ರಲ್ಲಿ, ಜರ್ಮನಿಯ ವಿಲಿಯಂ ಸ್ಟರ್ನ್.

ಇದೇ ಬಿನೆ ಮುಂಚೆ ಇನ್ನೊಂದು ಕೆಲ್ಸ ಮಾಡಿದ್ದ. ಸ್ಟೇಜ್ ಮೇಲೆ ಬಾಯಲ್ಲೇ ದೊಡ್ಡ ಲೆಕ್ಕ ಹಾಕಿ ಜನರನ್ನ ಬೆರಗು ಮಾಡೋರನ್ನ ಬಾನ್ ಮಾರ್ಶೆ ಅನ್ನೋ ಅಂಗಡಿಯ ಕ್ಯಾಶಿಯರ್‌ಗಳ ಜೊತೆ ಹೋಲಿಸಿ ನೋಡಿದ, ಸಣ್ಣ ಗುಣಾಕಾರದಲ್ಲಿ ಒಬ್ಬ ಕ್ಯಾಶಿಯರೇ ಮುಂದೆ! ಇದನ್ನ ಓದಿದಾಗ ನಂಗೆ ನಮ್ಮ ರಾತ್ರಿ ಶಾಲೆಯ ಒಬ್ಬ ಹುಡುಗ ಕಣ್ಮುಂದೆ ಬರ್ತಾನೆ. ಮಾಟುಂಗದ ಹೋಟೆಲಲ್ಲಿ ಕೆಲ್ಸ, ಕೈ ತೊಳ್ದು ಬಂದ್ರೂ ಸಾಂಬಾರಿನ ವಾಸನೆ ಹೋಗಿರ್ತಿರ್ಲಿಲ್ಲ, ಬೋರ್ಡ್ ಮೇಲೆ ದಶಕ ಎರವಲು ತಗೊಂಡು ಕಳೀ ಅಂದ್ರೆ ಬೆವರ್ತಿದ್ದ. ಒಂದಿನ ಅದೇ ಹೋಟೆಲ್‌ಗೆ ಹೋಗಿದ್ದೆ, ಐದು ಜನ ಕೂತ ಟೇಬಲ್, ಇಡ್ಲಿ, ಮಸಾಲೆ ದೋಸೆ, ಕಾಫಿ ಅಂತ ಒಬ್ಬೊಬ್ರದು ಒಂದೊಂದು, ಚೀಟಿ ಪೆನ್ಸಿಲ್ ಏನಿಲ್ಲ, ಟೇಬಲ್ ಒರೆಸ್ತಾ ಒರೆಸ್ತಾನೇ ಗಲ್ಲಾ ಕಡೆ ಮುಖ ಮಾಡಿ ಬಿಲ್ ಕೂಗಿದ, ಒಂದು ಪೈಸೆ ತಪ್ಪಿರ್ಲಿಲ್ಲ. ಅವನಿಗೆ ಬುದ್ಧಿ ಇರ್ಲಿಲ್ವಾ? ನಾನು ಕೇಳ್ತಿದ್ದ ರೀತಿಯೇ ಅವನಿಗೆ ಹೊಸದು, ಅಷ್ಟೇ.

ವ್ಯಾಖ್ಯೆಗೆ ಬಂದ್ರೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ. 1904ರಲ್ಲಿ ಸ್ಪಿಯರ್‌ಮನ್ ಎಲ್ಲದರ ತಳದಲ್ಲಿ ಒಂದೇ ಸಾಮಾನ್ಯ ಶಕ್ತಿ ಇದೆ ಅಂದ, 1983ರಲ್ಲಿ ಗಾರ್ಡನರ್ ಒಂದಲ್ಲ, ಏಳು ಬಗೆ ಅಂದ. ನಾನು ಒಪ್ಪೋದು ಇಷ್ಟು: ಗೊತ್ತಿರೋದು ಸಾಲದೇ ಬಂದಾಗ ಸುತ್ತ ನೋಡಿ ದಾರಿ ಮಾಡ್ಕೊಳ್ಳೋದು, ತಪ್ಪಾದ್ರೆ ತಿದ್ಕೊಳ್ಳೋದು. ಥಾಣೆಯಲ್ಲಿ ನಿಮ್ಮ ಮಗ ಮಾಡಿದ್ದು ಅದೇ. ಆ ಟೆಸ್ಟ್‌ನಲ್ಲಿ ಅಂಗಡಿಯವನನ್ನ ಕೇಳೋ ಪ್ರಶ್ನೆ ಇರಲ್ಲವಲ್ಲ.

ಹಾಗಂತ ಕಾಗದ ಬಿಸಾಕಬೇಡಿ. ಟೆಸ್ಟ್ ಯಾವ ಭಾಷೇಲಿತ್ತು, ಪದಗಳಲ್ಲಿ ತಡವರಿಸಿದ್ನಾ, ಚಿತ್ರ ಜೋಡಿಸೋದ್ರಲ್ಲಾ ಅಂತ ಶಾಲೇಲಿ ಕೇಳಿ. ಮನೇಲಿ ಕನ್ನಡ, ಬಿಲ್ಡಿಂಗಲ್ಲಿ ಹಿಂದಿ, ಅಂಗಡೀಲಿ ಮರಾಠಿ ಆಡೋ ಮಗುವಿಗೆ ಇಂಗ್ಲಿಷ್ ಪದ ಗೊತ್ತಿಲ್ದೆ ಅಂಕ ಹೋಗಿದ್ರೆ ಅದಕ್ಕೆ ಬೇಕಾದ ಸಹಾಯ ಬೇರೆ. ಏನಂದ್ರು ಅಂತ ನಂಗೂ ಬರೆದು ತಿಳ್ಸಿ.