ನರ್ಸರಿಯ ನೀಲಿ, ಬಯಲಿನ ನೀಲಿ

"ನರ್ಸರಿಯಿಂದ ವಿಷ್ಣುಕ್ರಾಂತಿ ತಂದೆ, ಕುಂಡದ ತುಂಬ ಹೂವು. ನೀವು ಹಾಕಿದ ಚಿತ್ರದಲ್ಲಿರುವುದು ಇದರ ಅರ್ಧವೂ ಇಲ್ಲ. ಯಾವುದು ಅಸಲಿ? ಬಯಲಿನದ್ದಾದರೆ ಕಿತ್ತು ತರಬಹುದಾ?" ಎಂದು ಕೇಳಿದ್ದೀರಿ.

ನಿಮ್ಮ ಕುಂಡದಲ್ಲಿರುವುದು ಬಹುಶಃ ಬ್ರೆಜಿಲ್ ಮೂಲದ ಇವಾಲ್ವುಲಸ್ ಗ್ಲೋಮರೇಟಸ್. 'ಬ್ಲೂ ಡೇಜ್' ಅಂತ ಮಾರುತ್ತಾರೆ. ಹೂವು ಸುಮಾರು 2 ಸೆಂಟಿಮೀಟರ್ ಅಗಲ. ಚಿತ್ರದಲ್ಲಿದ್ದ ನಮ್ಮ ಬಯಲಿನ ವಿಷ್ಣುಕ್ರಾಂತಿ ಇವಾಲ್ವುಲಸ್ ಆಲ್ಸಿನಾಯ್ಡಿಸ್, ಅದರ ಹೂವು 1 ಸೆಂಟಿಮೀಟರ್ ಕೂಡ ಇರುವುದಿಲ್ಲ. ಇಬ್ಬರೂ ದಾಯಾದಿಗಳು, ಸಿಹಿಗೆಣಸು ದೂರದ ನೆಂಟ. ಆ ಕುಟುಂಬದಲ್ಲಿ ಸುತ್ತಿ ಹಬ್ಬುವ ಬಳ್ಳಿಗಳೇ ಜಾಸ್ತಿ, ಇವು ಮಾತ್ರ ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. 1762ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಇವಾಲ್ವುಲಸ್ ಎಂಬ ಹೆಸರಿಗೂ 'ಸುರುಳಿ ಬಿಚ್ಚಿದ್ದು' ಅಂತಲೇ ಅರ್ಥ. ಇನ್ನು ಬಯಲಿನ ಈ ವಿಷ್ಣುಕ್ರಾಂತಿಯನ್ನೇ ಶಂಖಪುಷ್ಪಿ ಅನ್ನುವವರಿದ್ದಾರೆ, ಬೇಲಿಯ ಶಂಖಪುಷ್ಪದ ಬಳ್ಳಿಗೂ ಅದೇ ಹೆಸರು ಅಂಟಿಸುತ್ತಾರೆ, ಆ ಗೊಂದಲಕ್ಕೆ ಕೈ ಹಾಕಿದರೆ ಈ ಪುಟ ಸಾಲದು.

ಅಸಲಿಯನ್ನು ನೋಡಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು. ನಡುವಿನ ಒಂದು ಬೇರಿನಿಂದ ಸಣಕಲು ಕಾಂಡಗಳು ನೆಲಕ್ಕೆ ಅಂಟಿಕೊಂಡು ನಾಲ್ಕೂ ಕಡೆ ಹರಡಿರುತ್ತವೆ. ಎಲೆಯ ಮೇಲೆ ರೇಷ್ಮೆಯಂಥ ನವಿರು ಕೂದಲು, ಹಾಗಾಗಿ ಹಸಿರು ಸ್ವಲ್ಪ ಬೂದು ಬಡಿದಂತೆ ಕಾಣುತ್ತದೆ. ನೂಲಿನಷ್ಟು ತೆಳ್ಳಗಿನ ತೊಟ್ಟು, ಅದರ ತುದಿಯಲ್ಲಿ ಪುಟ್ಟ ತಟ್ಟೆಯ ಹಾಗೆ ಅರಳಿದ ನೀಲಿ, ನಡುವೆ ಬಿಳಿ. ಎಸಳುಗಳು ಬಿಡಿಬಿಡಿಯಾಗಿಲ್ಲ, ಕೂಡಿಕೊಂಡಿರುತ್ತವೆ.

ಬೆಳೆಯುವುದು ಎಲ್ಲಿ ಅಂದರೆ, ನಾವು ಖಾಲಿ ಜಾಗ ಅಂದುಕೊಳ್ಳುವ ಕಡೆ. ಗರಸು ಮಣ್ಣು, ಮೋಟು ಹುಲ್ಲಿನ ಬಯಲು, ಬಂಡೆಯ ಅಂಚಿನ ತೆಳು ಮಣ್ಣು, ಕಾಲುದಾರಿಯ ಬದಿ. ಬಿಸಿಲು ಬೇಕೇ ಬೇಕು, ಎತ್ತರದ ಗಿಡಗಳ ನೆರಳು ಬಿದ್ದರೆ ಸೊರಗುತ್ತದೆ. ಅದಕ್ಕೇ ಬಯಲು ಬರಡಾಗಿದೆ ಅಂತ ಒಳ್ಳೆಯ ಮನಸ್ಸಿನಿಂದಲೇ ಗುಂಡಿ ತೋಡಿ ಮರ ನೆಡುವುದನ್ನು ಕಂಡಾಗ ನನಗೆ ಸುಮ್ನೆ ಸಂಕಟವಾಗುತ್ತದೆ. ಅಲ್ಲಿ ಆಗಲೇ ಗಿಡಗಳಿದ್ದವು, ಮೊಣಕಾಲೆತ್ತರ ಬೆಳೆದಿರಲಿಲ್ಲ ಅಷ್ಟೇ ಅಲ್ವಾ?

ದಯವಿಟ್ಟು ಕೀಳಬೇಡಿ. ಗಟ್ಟಿ ನೆಲದಿಂದ ಎಳೆದರೆ ಬೇರು ತುಂಡಾಗಿ ಕಾಂಡವಷ್ಟೇ ಕೈಗೆ ಬರುತ್ತದೆ. ಆಸೆ ಇದ್ದರೆ ಒಣಗಿದ ಕಾಯಿಯಿಂದ ನಾಲ್ಕು ಬೀಜ ತಂದು, ಗೊಬ್ಬರ ಹಾಕದ ಗರಸು ಮಣ್ಣಲ್ಲಿ ಉದುರಿಸಿ ನೋಡಿ.

ನೋಡಲು ಹೋಗುವುದಾದರೆ ಬೆಳಿಗ್ಗೆಯೇ ಹೊರಡಿ. ಊಟ ಮುಗಿಸಿ ಹೋದರೆ ಹೂವು ಮುದುಡಿರುತ್ತದೆ, ಕಾಲಡಿಯಲ್ಲೇ ಇದ್ದರೂ ಗೊತ್ತಾಗುವುದಿಲ್ಲ.

— ಸಂ.